ಎರಡು ಲೀಟರ್ ಫರ್ಮೆಂಟರ್ ಕಿಟ್: ಜಾಡಿಗೆ ಪೂರ್ತಿ ಮಾರ್ಕ್ಸ್, ಪೈಪಿಗೆ ಸೊನ್ನೆ

ಬೀದರಿನ ನಮ್ಮ ಕಾಲೇಜ್ ಲ್ಯಾಬ್‌ಗೆ ಈ ಕಿಟ್ ತರಿಸಿದ್ದು ಬ್ರೂವರಿಯ (ಬಿಯರ್ ಕಾರ್ಖಾನೆಯ) ಕೊಳಚೆ ನೀರಿನ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳಿಗೆ ತಿನ್ನಿಸಿ ಹೈಡ್ರೋಜನ್ ತೆಗೆಯುವ ಪ್ರಾಜೆಕ್ಟಿಗೆ. ನೀರು ಸಂಗಾರೆಡ್ಡಿ ಕಡೆಯಿಂದ ಕ್ಯಾನ್‌ನಲ್ಲಿ ಬರುತ್ತದೆ.

ಜಾಡಿಯ ಗಾಜು ದಪ್ಪ, ಮುಚ್ಚಳ ಬಿಗಿ. ಕಲಕುವ ಮೋಟರ್ ರಾತ್ರಿಯಿಡೀ ಓಡಿದರೂ ಕಾಯುವುದಿಲ್ಲ. ಹೀಟರ್ 37 ಡಿಗ್ರಿಯಲ್ಲಿ ಸರಿಯಾಗಿ ನಿಲ್ಲುತ್ತದೆ, ಕರೆಂಟ್ ಹೋದರೆ ಮಾತ್ರ ಯುಪಿಎಸ್ ಬೇಕೇ ಬೇಕು.

ಜೊತೆಗೆ ಕೊಟ್ಟ ಪುಸ್ತಕದಲ್ಲಿ ಒಂದೇ ಜಾತಿಯ ಬ್ಯಾಕ್ಟೀರಿಯಾ ಬಳಸಿ, ಎಲ್ಲವನ್ನೂ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಬೇಯಿಸಿ ಬೇರೆ ಜೀವಿಗಳನ್ನು ಕೊಲ್ಲಿ) ಎಂದಿದೆ. ಈ ಕೆಲಸಕ್ಕೆ ಅದು ಬೇಡ. ಗೋಬರ್ ಗ್ಯಾಸ್ ತೊಟ್ಟಿಯ ಬಗ್ಗಡ ತಂದು ಅರ್ಧ ಗಂಟೆ ಕುದಿಸಿ. ಹೈಡ್ರೋಜನ್ ತಿಂದು ಮಿಥೇನ್ ಮಾಡುವ ಜೀವಿಗಳು ಸಾಯುತ್ತವೆ, ಹೈಡ್ರೋಜನ್ ಕೊಡುವ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಾ ಬಿಸಿ ತಡೆಯುವ ಗಟ್ಟಿ ಬೀಜಕಗಳಾಗಿ ಉಳಿದುಕೊಳ್ಳುತ್ತವೆ. ಬ್ರೂವರಿ ನೀರಿನಲ್ಲೇ ನೂರೆಂಟು ಬ್ಯಾಕ್ಟೀರಿಯಾ ಇರುವಾಗ ಒಂದೇ ಜಾತಿಯನ್ನು ಕಾಪಾಡುತ್ತಾ ಕೂರುವುದು ಸುಮ್ನೆ ಖರ್ಚು, ಅಲ್ವಾ? ಪಿಎಚ್ (ಹುಳಿಯ ಅಳತೆ) 5.5ರ ಆಸುಪಾಸು ಇರಲಿ, ಅದನ್ನು ಬಿಡಬೇಡಿ.

ಇನ್ನು ಜಾಡಿಯಿಂದ ಗ್ಯಾಸ್ ಒಯ್ಯುವ ಪೈಪ್. ಜಾಡಿಯಲ್ಲಿ ಗುಳ್ಳೆ ಚೆನ್ನಾಗಿ ಏಳುತ್ತಿತ್ತು, ನೀರು ತುಂಬಿ ಬೋರಲು ಹಾಕಿದ ಅಳತೆ ಸಿಲಿಂಡರಿನಲ್ಲಿ ಗ್ಯಾಸ್ ಸೇರಿ ನೀರು ಇಳಿಯುತ್ತಲೂ ಇತ್ತು, ಆದರೆ ಗುಳ್ಳೆ ನಿಂತ ಮೇಲೆ ರಾತ್ರಿ ಹಾಗೇ ಬಿಟ್ಟರೆ ಬೆಳಗ್ಗೆ ನೀರು ಮತ್ತೆ ಮೇಲೆ ಏರಿರುತ್ತಿತ್ತು. ಎಲ್ಲಾ ಕೀಲಿಗೂ ಸೋಪು ನೀರು ಹಚ್ಚಿ ನೋಡಿದೆವು, ಎಲ್ಲೂ ಸೋರಿಕೆ ಇಲ್ಲ. ಕಾರಣ ಸಿಲಿಕೋನ್ ಪೈಪ್! ಹೈಡ್ರೋಜನ್ ಅದರ ಗೋಡೆಯ ಮೂಲಕವೇ ಹೊರಗೆ ಹೋಗುತ್ತದೆ. ಬ್ಯುಟೈಲ್ ರಬ್ಬರ್ ಪೈಪ್ ಹಾಕಿದೆವು, ಮಟ್ಟ ನಿಂತಿತು. ಅಂಗಡಿಗೆ ಫೋನ್ ಮಾಡಿದರೆ "ಎಲ್ಲಾ ಕಾಲೇಜಿಗೂ ಇದೇ ಕೊಡ್ತೀವ್ರಿ ಸರ" ಅಂದರು. ಹಾಗಾದರೆ ಎಷ್ಟು ಮಕ್ಕಳು ತಪ್ಪು ಅಳತೆ ಬರೆದುಕೊಂಡು ಹೋಗಿರಬೇಕು! ನನಗೆ ಸಿಟ್ಟು ಬಂದದ್ದು ಅದಕ್ಕೇ, ಪೈಪಿನ ದುಡ್ಡಿಗಲ್ಲ.

ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಇರುತ್ತದೆ. ಅದನ್ನು ಹಿಡಿಯಲು ಕಾಸ್ಟಿಕ್ ಸೋಡಾ ಬಾಟಲಿ ಕಿಟ್‌ನಲ್ಲಿ ಇಲ್ಲ, ನೀವೇ ಸೇರಿಸಿಕೊಳ್ಳಿ. ಒಂದು ಮೋಲ್ (ಅಣುಗಳ ಎಣಿಕೆಯ ಅಳತೆ) ಗ್ಲೂಕೋಸ್ ಸಕ್ಕರೆಗೆ ಲೆಕ್ಕದಲ್ಲಿ ಹೆಚ್ಚೆಂದರೆ 4 ಮೋಲ್ ಹೈಡ್ರೋಜನ್, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು, ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಕಿಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಉಳಿದ ಸಕ್ಕರೆಯ ಪಾಲು ಆಮ್ಲಗಳಲ್ಲಿ ಕೂತಿರುತ್ತದೆ. ಮುಚ್ಚಳ ತೆಗೆದರೆ ಕಮಟು ಬೆಣ್ಣೆಯ ವಾಸನೆ ಬರುವುದು ಅದರಿಂದಲೇ. ಆ ನೀರನ್ನು ಚೆಲ್ಲಬೇಡಿ, ಗೋಬರ್ ಗ್ಯಾಸ್ ತೊಟ್ಟಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಮಿಥೇನ್ ಸಿಗುತ್ತದೆ.

ಬ್ಯುಟೈಲ್ ಪೈಪ್ ಕೊಡುತ್ತಾರಾ ಎಂದು ಕೇಳಿಯೇ ಆರ್ಡರ್ ಮಾಡಿ. ಲ್ಯಾಬಿನ ಕಿಟಕಿ ತೆರೆದಿಡಿ, ಹತ್ತಿರ ಬರ್ನರ್ ಹಚ್ಚಬೇಡಿ. ಗಾಳಿಯಲ್ಲಿ ಹೈಡ್ರೋಜನ್ 4 ಶೇಕಡಾ ಸೇರಿದರೂ ಬೆಂಕಿ ಹತ್ತುತ್ತದೆ.