ಬಳ್ಳಾರಿ ಬಿಸಿಲಲ್ಲಿ ಆರ್‌ಸಿ ಕಾರ್: ಹೀಟ್ ಸಿಂಕ್ ಸಾಕಾ, ಫ್ಯಾನ್ ಬೇಕಾ?

ಬಳ್ಳಾರಿಯಲ್ಲಿ ಆರ್‌ಸಿ ಕಾರ್ (ರಿಮೋಟಿನಿಂದ ಓಡಿಸುವ ಸಣ್ಣ ಕಾರ್) ಓಡಿಸುವವರಿಗೆ ಶಿವರಾತ್ರಿ ಕಳೆದ ಮೇಲೆ ಒಂದೇ ಚಿಂತೆ, ಮೋಟರ್ ಬಿಸಿ. ಇದರ ಬಗ್ಗೆ ಸಿಗುವ ಸಲಹೆಗಳೆಲ್ಲ ಹೆಚ್ಚಾಗಿ ತಂಪು ಊರಿನವರು ಹೇಳಿದ್ದು. ಅಲ್ಲಿ ಗಾಳಿ 20 ಡಿಗ್ರಿ ಇರುತ್ತದೆ, ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ. ಫ್ಯಾನ್ ಹಾಕಿ, ಹೀಟ್ ಸಿಂಕ್ (ಮೋಟರಿನ ಶಾಖ ಎಳೆದು ಗಾಳಿಗೆ ಬಿಡುವ ಲೋಹದ ಕವಚ) ಹಾಕಿ, ಸುತ್ತಲಿನ ಗಾಳಿಗಿಂತ ತಂಪಾಗಿ ಮೋಟರ್ ಇರಲು ಸಾಧ್ಯವಿಲ್ಲ. ಗಾಳಿಗಿಂತ 50 ಡಿಗ್ರಿ ಜಾಸ್ತಿ ಕಾಯುವ ಮೋಟರ್ ಅಲ್ಲಿ 70ಕ್ಕೆ ನಿಲ್ಲುತ್ತದೆ, ಇಲ್ಲಿ 90 ಮುಟ್ಟುತ್ತದೆ. ಮಾಮೂಲಿ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್‌ಗೆ 80 ಡಿಗ್ರಿಯೇ ಮಿತಿ. ಅದಕ್ಕಿಂತ ಜಾಸ್ತಿ ಕಾದರೆ ಅದರ ಬಲ ಕುಗ್ಗುತ್ತದೆ, ತಣ್ಣಗಾದ ಮೇಲೂ ಪೂರ್ತಿ ವಾಪಸ್ ಬರುವುದಿಲ್ಲ. 150 ಡಿಗ್ರಿವರೆಗೆ ತಡೆಯುವ ದರ್ಜೆಗಳೂ ಇವೆ, ಆದರೆ ಕಮ್ಮಿ ಬೆಲೆಯ ಮೋಟರ್ ಒಳಗೆ ಯಾವುದಿದೆ ಅಂತ ಡಬ್ಬಿ ಮೇಲೆ ಬರೆದಿರುವುದಿಲ್ಲ.

ನನ್ನ ಹತ್ತಿರ 1/10 ಅಳತೆಯ ಎರಡು ಗಾಡಿ ಇವೆ. ಒಂದಕ್ಕೆ 540 ಗಾತ್ರದ ಬ್ರಷ್ ಮೋಟರ್ (ಒಳಗೆ ಕಾರ್ಬನ್ ತುಂಡು ಉಜ್ಜಿ ಕರೆಂಟ್ ಕೊಡುವಂಥದ್ದು), ಇನ್ನೊಂದಕ್ಕೆ 3650 ಗಾತ್ರದ, ಕಾರ್ಬನ್ ಇಲ್ಲದ ಬ್ರಷ್‌ಲೆಸ್. ಹೊರಗಿನಿಂದ ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರ, ಸುಮಾರು 36 ಮಿ.ಮೀ. ದಪ್ಪ, 50 ಮಿ.ಮೀ. ಉದ್ದ. ಒಂದೇ ಹೀಟ್ ಸಿಂಕ್ ಎರಡಕ್ಕೂ ಕೂರುತ್ತದೆ, ಅಂಗಡಿಯವರೂ ಎರಡಕ್ಕೂ ಒಂದನ್ನೇ ಕೊಡುತ್ತಾರೆ. ಫಲ ಮಾತ್ರ ಎರಡರಲ್ಲೂ ಬೇರೆ ಬೇರೆ ಬಂತು. ಏನೂ ಹಾಕದೆ, ಬರೀ ಹೀಟ್ ಸಿಂಕ್ ಹಾಕಿ, ಬರೀ ಫ್ಯಾನ್ ಹಾಕಿ, ಎರಡೂ ಸೇರಿಸಿ, ಕೊನೆಗೆ ಹಳೆ ಕಂಪ್ಯೂಟರ್ ಫ್ಯಾನ್ ಕಟ್ಟಿ ನೋಡಿದೆ. ಓಡಿಸಿದ್ದು ಮೋಕಾ ರಸ್ತೆ ಕಡೆಯ ಖಾಲಿ ಲೇಔಟಿನಲ್ಲಿ, ಸಂಜೆ ಹೊತ್ತು, ಗಾಳಿ 38 ಡಿಗ್ರಿ ಆಸುಪಾಸು ಇದ್ದಾಗ. ಪ್ರತಿ ಸಲವೂ ಪೂರ್ತಿ ಚಾರ್ಜ್ ಆದ 2ಎಸ್ (ಎರಡು ಸೆಲ್ಲಿನ) ಬ್ಯಾಟರಿ, ಅದೇ ಟೈರ್, ಅದೇ ಸುತ್ತು.

ಅಳತೆಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಗನ್ ಥರ್ಮಾಮೀಟರ್ ಹಿಡಿದು ನೋಡುತ್ತಾರೆ, ನಾನೂ ಅದನ್ನೇ ಬಳಸಿದ್ದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಆ ಗನ್ ಸುಳ್ಳು ಹೇಳುತ್ತದೆ. ಪಾಲಿಶ್ ಇರುವ ಲೋಹ ತನ್ನ ಶಾಖವನ್ನು ಕಮ್ಮಿ ಹೊರಸೂಸುತ್ತದೆ, ಸುತ್ತಲಿನದನ್ನು ಜಾಸ್ತಿ ಪ್ರತಿಫಲಿಸುತ್ತದೆ. ಕೈ ಸುಡುವಷ್ಟು ಬಿಸಿ ಇದ್ದರೂ ಗನ್ ಐವತ್ತೋ ಐವತ್ತೈದೋ ತೋರಿಸಬಹುದು. ಬೆಳ್ಳಿ ಬಣ್ಣದ ಹೀಟ್ ಸಿಂಕ್ ಹಾಕಿ "ಮೂವತ್ತು ಡಿಗ್ರಿ ಇಳಿಯಿತು" ಅಂತ ಯಾರಾದರೂ ಹೇಳಿದರೆ ಇದೇ ಕಾರಣ ಇರಬಹುದು. ಮೋಟರಿನ ಮೈಗೆ, ಹೀಟ್ ಸಿಂಕ್ ಮುಚ್ಚದ ಜಾಗದಲ್ಲಿ, ಕರಿ ಇನ್ಸುಲೇಶನ್ ಟೇಪಿನ ಸಣ್ಣ ತುಂಡು ಅಂಟಿಸಿ, ಗನ್ ಹತ್ತಿರ ಹಿಡಿದು ಅದರ ಮೇಲೇ ನೋಡಬೇಕು. ಕೆಳಗಿನ ಅಂಕಿಗಳೆಲ್ಲ ಹಾಗೆ ತೆಗೆದವು. ಒಂದೆರಡು ಡಿಗ್ರಿ ಆಚೀಚೆ ಇದ್ದೇ ಇರುತ್ತದೆ.

ಬ್ರಷ್‌ಲೆಸ್ ಮೋಟರಿಗೆ ಏನೂ ಹಾಕದೆ ಓಡಿಸಿದಾಗ 96ಕ್ಕೆ ಹೋಯಿತು. ಇನ್ನೊಂದು ಸುತ್ತು ಬೇಡ ಅಂತ ಅಲ್ಲೇ ನಿಲ್ಲಿಸಿದೆ. ಬರೀ ಹೀಟ್ ಸಿಂಕ್ ಹಾಕಿದಾಗ 84. ಬರೀ 30 ಮಿ.ಮೀ. ಫ್ಯಾನ್ ಹಾಕಿದಾಗ 80. ಎರಡೂ ಸೇರಿದಾಗ 70ರ ಹತ್ತಿರ. ಅಂಕಿ ನೋಡಿದರೆ ಹೀಟ್ ಸಿಂಕಿಗೂ ಫ್ಯಾನಿಗೂ ಬರೀ ನಾಲ್ಕು ಡಿಗ್ರಿ ವ್ಯತ್ಯಾಸ ಅನಿಸುತ್ತದೆ, ಅಲ್ವಾ? ಗಾಡಿ ನಿಲ್ಲಿಸಿ ಎರಡು ನಿಮಿಷ ಬಿಟ್ಟು ಮತ್ತೆ ನೋಡಿ. ಹೀಟ್ ಸಿಂಕ್ ಒಂದೇ ಇದ್ದಾಗ ಮೋಟರ್ 90ಕ್ಕೆ ಏರಿತು. ಓಡುವಾಗ ಬೀಸುತ್ತಿದ್ದ ಗಾಳಿ ನಿಂತುಹೋಗಿದೆ, ಒಳಗಿನ ಬಿಸಿ ಇನ್ನೂ ಹೊರಗೆ ಬರುತ್ತಲೇ ಇದೆ. ಫ್ಯಾನ್ ಇದ್ದರೆ, ಸ್ವಿಚ್ ಆಫ್ ಮಾಡದಿದ್ದಷ್ಟು ಹೊತ್ತು ಅದು ತಿರುಗುತ್ತಲೇ ಇರುತ್ತದೆ, ಏರಿಕೆ ಕಾಣುವುದೇ ಇಲ್ಲ. ಬ್ಯಾಟರಿ ಮುಗಿದ ತಕ್ಷಣ ಇನ್ನೊಂದು ಬ್ಯಾಟರಿ ಹಾಕಿ ಹೊರಡುವ ಅಭ್ಯಾಸ ಇರುವವರಿಗೆ ಈ ಎರಡು ನಿಮಿಷ ಬಹಳ ಮುಖ್ಯ. ಹಾಗೆ ಹೊರಡುವವರು ಬರೀ ಹೀಟ್ ಸಿಂಕ್ ನಂಬಬಾರದು.

ಹೀಟ್ ಸಿಂಕ್ ಕೂರಿಸುವಾಗ ಮೋಟರ್ ಮೈಮೇಲಿನ ಸ್ಟಿಕರ್ ಕಿತ್ತುಹಾಕಿ. ಆ ತೆಳು ಪ್ಲಾಸ್ಟಿಕ್ ಹಾಳೆ ಶಾಖವನ್ನು ತಡೆಯುತ್ತದೆ. ಕ್ಲಿಪ್ ಸಡಿಲ ಇದ್ದು ಮಧ್ಯೆ ಗಾಳಿ ಉಳಿದರೆ ಹೀಟ್ ಸಿಂಕ್ ಬರೀ ಭಾರ. ಥರ್ಮಲ್ ಪೇಸ್ಟ್ ತೆಳ್ಳಗೆ, ಲೋಹ ಸ್ವಲ್ಪ ಕಾಣುವಷ್ಟು ಸವರಿದರೆ ಸಾಕು. ದಪ್ಪ ಮೆತ್ತಿದರೆ ಶಾಖ ದಾಟುವುದೂ ನಿಧಾನ, ಅಂಚಿನಲ್ಲಿ ಉಕ್ಕಿದ ಪೇಸ್ಟಿಗೆ ಮಣ್ಣು ಹಿಡಿಯುವುದು ಬೇರೆ.

ಬ್ರಷ್ ಮೋಟರ್ ಕಥೆ ಬೇರೆ. ಹೀಟ್ ಸಿಂಕ್ ಹಾಕಿದ ಮೇಲೆ ಮೈ 75ರಿಂದ 66ಕ್ಕೆ ಇಳಿಯಿತು. ಗೆದ್ದ ಹಾಗೇ ಕಾಣುತ್ತದೆ. ಆದರೆ ಹಿಂದುಗಡೆ, ಕಾರ್ಬನ್ ಕೂರುವ ಕಡೆ ನೋಡಿದರೆ 90 ಇದ್ದದ್ದು 87 ಆಗಿತ್ತು, ಅಷ್ಟೇ. ಇದು ಯಾಕೆ ಹೀಗೆ ಅಂತ ನಮ್ಮ ಏರಿಯಾದ ರಿವೈಂಡಿಂಗ್ ಅಂಗಡಿಯವರಿಗೆ ತೋರಿಸಿದೆ. ಬೇಸಿಗೆ ಬಂದರೆ ಸುತ್ತಲಿನ ಹಳ್ಳಿಗಳಿಂದ ಸುಟ್ಟ ಬೋರ್‌ವೆಲ್ ಮೋಟರ್‌ಗಳು ಅವರ ಮುಂದೆ ಸಾಲಾಗಿ ಬಿದ್ದಿರುತ್ತವೆ. ಕೈಯಲ್ಲಿ ಹಿಡಿದು ಶಾಫ್ಟ್ ತಿರುಗಿಸಿ ನೋಡಿ, "ಅಣ್ಣಾ, ಇದ್ರಾಗ ವೈಂಡಿಂಗೇ ತಿರುಗುತೈತೆ. ಹೊರಗ ಎಷ್ಟು ತಂಪು ಮಾಡಿದ್ರೂ ಒಳಗ ಗಾಳಿ ಹೋಗ್ಬೇಕಲ್ಲ?" ಅಂದರು.

ವಿಷಯ ಇರುವುದೇ ಅಲ್ಲಿ. ಬ್ರಷ್‌ಲೆಸ್ ಮೋಟರಿನಲ್ಲಿ ತಾಮ್ರದ ಸುತ್ತು (ವೈಂಡಿಂಗ್) ಹೊರಗಿನ ಕವಚಕ್ಕೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ, ಮ್ಯಾಗ್ನೆಟ್ ಒಳಗೆ ತಿರುಗುತ್ತದೆ. ಬಿಸಿ ಹುಟ್ಟಿದ ಜಾಗದಿಂದ ಲೋಹದ ಮೂಲಕ ನೇರವಾಗಿ ಹೀಟ್ ಸಿಂಕಿಗೆ ಬರುತ್ತದೆ. ಬ್ರಷ್ ಮೋಟರಿನಲ್ಲಿ ಉಲ್ಟಾ. ಮ್ಯಾಗ್ನೆಟ್ ಕವಚಕ್ಕೆ ಅಂಟಿದೆ, ಸುತ್ತು ಮಧ್ಯೆ ತಿರುಗುತ್ತದೆ, ಎರಡರ ನಡುವೆ ಗಾಳಿಯ ಸಂದು. ಕಾರ್ಬನ್ ಉಜ್ಜುವ ಬಿಸಿಯೂ ಹಿಂದೆಯೇ ಹುಟ್ಟುತ್ತದೆ. ಕವಚ ತಂಪಾದರೂ ಒಳಗಿನವರಿಗೆ ಸುದ್ದಿ ಮುಟ್ಟುವುದು ತಡ.

ಹಾಗಾಗಿ ಆ ಗಾಡಿಗೆ ಫ್ಯಾನನ್ನು ಮೈಮೇಲಿಂದ ತೆಗೆದು, ಮೋಟರಿನ ಗಾಳಿ ಕಿಂಡಿಗಳ ಎದುರು ಓರೆಯಾಗಿ ಕಟ್ಟಿದೆ. ಹೀಟ್ ಸಿಂಕ್ ಇಲ್ಲದೆಯೇ ಕಾರ್ಬನ್ ಕಡೆ 74ಕ್ಕೆ ಇಳಿಯಿತು. ಆಮೇಲೆ ಹೀಟ್ ಸಿಂಕನ್ನೂ ಸೇರಿಸಿದರೆ 72. ಎರಡು ಡಿಗ್ರಿಗೆ ಅಷ್ಟು ಭಾರವನ್ನು ಗಾಡಿಯ ಹಿಂಭಾಗಕ್ಕೆ ಹೇರುವುದು ನನಗೆ ಸರಿ ಕಾಣಲಿಲ್ಲ, ತೆಗೆದುಬಿಟ್ಟೆ.

ಇಲ್ಲಿ ನಮ್ಮೂರಿನ ಧೂಳು ಅಡ್ಡ ಬರುತ್ತದೆ. ಕಿಂಡಿಗೆ ಗಾಳಿ ಊದಿದರೆ ಗಾಳಿಯ ಜೊತೆ ಮಣ್ಣೂ ಒಳಗೆ ಹೋಗುತ್ತದೆ. ಒಣಗಿದ ಎರೆಮಣ್ಣಿನ ಪುಡಿ ಹಿಟ್ಟಿನಷ್ಟು ನುಣ್ಣಗಿರುತ್ತದೆ, ಸಂಡೂರು ರಸ್ತೆ ಕಡೆ ಹೋದರೆ ಕೆಂಪು ಧೂಳು. ಎರಡೂ ಕಾರ್ಬನ್ ಮತ್ತು ಕಮ್ಯುಟೇಟರ್ (ಕಾರ್ಬನ್ ಉಜ್ಜುವ, ತಿರುಗುವ ತಾಮ್ರದ ಭಾಗ) ನಡುವೆ ಸೇರಿ ಉಜ್ಜುತ್ತವೆ. ಫ್ಯಾನ್ ಕಟ್ಟಿದ ಮೇಲೆ ಬ್ರಷ್ ಮೋಟರನ್ನು ಬ್ಲೋವರ್‌ನಿಂದ ಊದಿ ಸ್ವಚ್ಛ ಮಾಡುವ ಕೆಲಸ ಜಾಸ್ತಿ ಆಯಿತು. ಮಣ್ಣಿನಲ್ಲಿ ಓಡಿಸುವುದೇ ಜಾಸ್ತಿ ಇದ್ದರೆ ಕಿಂಡಿ ಮೇಲೆ ತೆಳುವಾದ ನೈಲಾನ್ ಜಾಲರಿ ಕಟ್ಟಿಕೊಳ್ಳಿ. ಗಾಳಿ ಸ್ವಲ್ಪ ಕಮ್ಮಿಯಾಗುತ್ತದೆ, ದಪ್ಪ ಕಣ ಮಾತ್ರ ನಿಲ್ಲುತ್ತದೆ. ಮೈ ಮುಚ್ಚಿದ ಬ್ರಷ್‌ಲೆಸ್ ಮೋಟರಿಗೆ ಈ ತೊಂದರೆ ಅಷ್ಟಿಲ್ಲ. ಅಲ್ಲಿ ಕೆಡುವುದು ಫ್ಯಾನಿನ ಬೇರಿಂಗ್.

ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯುವ ಬೀದಿಗಳಲ್ಲಿ ಗಾಡಿ ಓಡಿಸುವ ಹುಡುಗರಿಗೆ ಇನ್ನೊಂದು ಮಾತು. ನೆಲದಲ್ಲಿ ಬಿದ್ದ ದಾರದ ತುಂಡುಗಳು ಫ್ಯಾನಿನ ಅಚ್ಚಿಗೆ ಸುತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತವೆ. ತಿರುಗದ ಫ್ಯಾನ್ ಹೀಟ್ ಸಿಂಕಿಗೆ ಮುಚ್ಚಳ ಇಟ್ಟ ಹಾಗೆ, ಇಲ್ಲದಿದ್ದುದಕ್ಕಿಂತ ಕೆಟ್ಟದ್ದು. ಹೊರಡುವ ಮುಂಚೆ ಫ್ಯಾನ್ ಸದ್ದು ಕೇಳುತ್ತಿದೆಯಾ ಅಂತ ಕಿವಿಗೊಡಿ.

ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸಿಗುವ ಹಳೆ 40 ಮಿ.ಮೀ. ಫ್ಯಾನ್ ಬಗ್ಗೆ ಬಹಳ ಜನ ಆಸೆ ಇಟ್ಟುಕೊಂಡಿರುತ್ತಾರೆ. ಅವು ಹೆಚ್ಚಾಗಿ 12 ವೋಲ್ಟಿನವು. 2ಎಸ್ ಬ್ಯಾಟರಿಯ 7.4 ವೋಲ್ಟಿನಲ್ಲಿ ನಿಧಾನ ತಿರುಗುತ್ತವೆ, ರಿಸೀವರಿನ (ಗಾಡಿಯಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ಡಬ್ಬಿ) 6 ವೋಲ್ಟಿಗೆ ಕೆಲವು ಶುರುವೇ ಆಗುವುದಿಲ್ಲ. ನಾನು ಕಟ್ಟಿದ್ದು ಬ್ರಷ್‌ಲೆಸ್ ಮೋಟರನ್ನು 88ಕ್ಕೆ ತಂದಿತು. ಬರೀ ಹೀಟ್ ಸಿಂಕಿಗಿಂತ ಕಮ್ಮಿ ಪ್ರಯೋಜನ. ಅದರ ಜೊತೆ ಬರುವ ಚಪ್ಪಟೆ ಹೀಟ್ ಸಿಂಕ್ ದುಂಡು ಮೋಟರಿಗೆ ಒಂದು ಗೆರೆಯಷ್ಟು ಜಾಗದಲ್ಲಿ ಮಾತ್ರ ತಾಗುತ್ತದೆ, ಅದನ್ನು ಬಿಟ್ಟುಬಿಡಿ. 3ಎಸ್ (ಮೂರು ಸೆಲ್ಲಿನ ಬ್ಯಾಟರಿ) ಓಡಿಸುವವರಿಗೆ ಮಾತ್ರ ಈ ಫ್ಯಾನ್ ಒಳ್ಳೆಯ ಆಯ್ಕೆ, ನೇರ ಬ್ಯಾಟರಿಗೇ ಕೊಡಬಹುದು. ಅದೇ 3ಎಸ್‌ಗೆ 5 ವೋಲ್ಟಿನ ಫ್ಯಾನ್ ನೇರ ಕೊಟ್ಟರೆ ಸುಟ್ಟುಹೋಗುತ್ತದೆ.

ವೈರಿಂಗ್ ಸುಲಭ. 5 ಅಥವಾ 6 ವೋಲ್ಟಿನ ಸಣ್ಣ ಫ್ಯಾನ್ ಆದರೆ ರಿಸೀವರಿನ ಖಾಲಿ ಚಾನಲ್ಲಿಗೆ ಚುಚ್ಚಿ. ಕೆಂಪು ಪ್ಲಸ್, ಕರಿ ಮೈನಸ್, ಸಿಗ್ನಲ್ ಪಿನ್ ಖಾಲಿ. ಉಲ್ಟಾ ಕೊಟ್ಟರೆ ಉಲ್ಟಾ ತಿರುಗುತ್ತದೆ ಅಂತ ಕೆಲವರು ಅಂದುಕೊಂಡಿದ್ದಾರೆ. ಈ ಜಾತಿಯ ಫ್ಯಾನ್ ಹಾಗೆ ತಿರುಗುವುದಿಲ್ಲ. ಗಾಳಿಯ ದಿಕ್ಕು ಬದಲಾಗಬೇಕಾದರೆ ಫ್ಯಾನನ್ನೇ ತಿರುಗಿಸಿ ಕಟ್ಟಬೇಕು. ಸ್ಟಿಕರ್ ಮತ್ತು ಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ, ಆ ಮುಖ ಮೋಟರಿನ ಕಡೆ ಇರಲಿ.

ಇನ್ನು ದುಡ್ಡು ಖರ್ಚು ಮಾಡುವ ಮುಂಚೆ ಮಾಡಬೇಕಾದ್ದು. ಬ್ರಷ್‌ಲೆಸ್ ಗಾಡಿಯ ಪಿನಿಯನ್ (ಮೋಟರ್ ಶಾಫ್ಟಿನ ಸಣ್ಣ ಗೇರ್) 23 ಹಲ್ಲಿನದು ತೆಗೆದು 21 ಹಲ್ಲಿನದು ಹಾಕಿದೆ. ಲೆಕ್ಕದಲ್ಲಿ ವೇಗ ಸುಮಾರು 9 ಪರ್ಸೆಂಟ್ ಕಮ್ಮಿ. ಆದರೆ ಫ್ಯಾನಿಲ್ಲದೆ, ಹೀಟ್ ಸಿಂಕಿಲ್ಲದೆ ಬಿಸಿ 96ರಿಂದ 83ಕ್ಕೆ ಬಂತು. ಮೋಟರಿಗೆ ಹೊರೆ ತಗ್ಗಿದರೆ ಎಳೆಯುವ ಕರೆಂಟ್ ತಗ್ಗುತ್ತದೆ. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಸ್ವಲ್ಪ ಕರೆಂಟ್ ಉಳಿದರೂ ಬಹಳ ಬಿಸಿ ಉಳಿಯುತ್ತದೆ. ಮೇಲಾಗಿ ತಾಮ್ರ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, 25ರಿಂದ 100 ಡಿಗ್ರಿಗೆ ಹೋದರೆ ಸುಮಾರು 30 ಪರ್ಸೆಂಟ್ ಜಾಸ್ತಿ. ಬಿಸಿ ಬಿಸಿಯನ್ನೇ ಹೆಚ್ಚಿಸುತ್ತದೆ. ಬಾಡಿಯ ಹಿಂದಿನ ಗಾಜಿನ ಜಾಗ ಕತ್ತರಿಸಿ ಬಿಸಿ ಗಾಳಿಗೆ ದಾರಿ ಮಾಡಿದ್ದರಿಂದ ಇನ್ನೂ ನಾಲ್ಕೈದು ಡಿಗ್ರಿ ಸಿಕ್ಕಿತು. ಅದಕ್ಕೆ ಬೇಕಾದದ್ದು ಕತ್ತರಿ ಒಂದೇ.

ಈಗ ಬ್ರಷ್‌ಲೆಸ್ ಗಾಡಿಯಲ್ಲಿ 21 ಹಲ್ಲಿನ ಪಿನಿಯನ್, ಕರಿ ಹೀಟ್ ಸಿಂಕ್, ಅದರ ಮೇಲೆ 30 ಮಿ.ಮೀ. ಫ್ಯಾನ್ ಇವೆ. ಮೇ ತಿಂಗಳಲ್ಲೂ 65ರ ಒಳಗೇ ಇರುತ್ತದೆ. ಬ್ರಷ್ ಗಾಡಿಯಲ್ಲಿ ಓರೆ ಫ್ಯಾನ್ ಮತ್ತು ಜಾಲರಿ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಓಡಿಸುವಾಗ 23 ಹಲ್ಲಿನ ಪಿನಿಯನ್ ಮತ್ತೆ ಹಾಕುತ್ತೇನೆ, ಆಗ ಅದೇ ಫ್ಯಾನಿನಲ್ಲಿ 50ರ ಆಸುಪಾಸು ನಿಲ್ಲುತ್ತದೆ. ಒಂದೇ ವಸ್ತು ಕೊಳ್ಳಲು ದುಡ್ಡಿದೆ ಅನ್ನುವವರು ಫ್ಯಾನ್ ತೊಗೊಳ್ಳಿ, ಬ್ರಷ್ ಮೋಟರ್ ಇರಲಿ ಬ್ರಷ್‌ಲೆಸ್ ಇರಲಿ. ಜೊತೆಗೆ ಅದೇ ಅಳತೆಯ ಇನ್ನೊಂದು ಫ್ಯಾನ್ ತಂದಿಟ್ಟುಕೊಳ್ಳಿ, ನಮ್ಮ ಧೂಳಿನಲ್ಲಿ ಬೇರಿಂಗ್ ಒಂದು ಬೇಸಿಗೆ ಬಾಳುವುದೇ ಕಷ್ಟ.