ಆಪ್ ಒಳಗಿನ ಖರೀದಿ: ರಸೀದಿ ತಾಳೆ ನೋಡಲು ಮೂರು ದಾರಿ

ಜಯನಗರದ ನಮ್ಮ ಪುಟ್ಟ ತಂಡ ಮಕ್ಕಳಿಗೆ ಕನ್ನಡ ಕಥೆ ಓದಿ ಹೇಳುವ ಆಪ್ ನಡೆಸುತ್ತದೆ. ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ತಿಂಗಳ ಚಂದಾ ಇದೆ. ಯಾರ ಚಂದಾ ಚಾಲ್ತಿಯಲ್ಲಿದೆ ಎಂದು ತಿಳಿಯಲು ಮೂರು ದಾರಿ ಹಿಡಿದು ನೋಡಿದ್ದೇವೆ: ರಸೀದಿಯ ಮೇಲಿನ ಡಿಜಿಟಲ್ ಸಹಿಯನ್ನು ಫೋನಿನಲ್ಲೇ ಪರೀಕ್ಷಿಸುವುದು, ನಮ್ಮ ಸರ್ವರ್‌ನಿಂದ ಆಪಲ್, ಗೂಗಲ್‌ಗಳನ್ನೇ ವಿಚಾರಿಸುವುದು, ರೆವಿನ್ಯೂಕ್ಯಾಟ್‌ನಂಥ ಮಧ್ಯವರ್ತಿ ಸೇವೆಗೆ ಒಪ್ಪಿಸುವುದು. ರಸೀದಿ ಅಸಲಿಯೋ ನಕಲಿಯೋ ಎಂಬುದನ್ನು ಮೂರೂ ಹೇಳುತ್ತವೆ. ಕೊಂಡ ಮೇಲೆ ಏನಾಯಿತು, ನವೀಕರಣ ಆಯಿತೇ, ರೀಫಂಡ್ ಹೋಯಿತೇ ಎಂಬಲ್ಲಿ ಮಾತ್ರ ಅಜಗಜಾಂತರ. ನನ್ನ ಮಟ್ಟಿಗೆ ಅಳೆಯಬೇಕಾದ್ದು ಅದನ್ನೇ.

ಫೋನಿನ ದಾರಿ ಅಗ್ಗ. 2021ರಲ್ಲಿ ಐಓಎಸ್ 15ರ ಜೊತೆ ಬಂದ, ಖರೀದಿಗೆಂದೇ ಆಪಲ್ ಕೊಡುವ ಕೋಡ್ ಸಂಗ್ರಹವಾದ ಸ್ಟೋರ್‌ಕಿಟ್ 2 ಪ್ರತಿ ವ್ಯವಹಾರಕ್ಕೂ ಆಪಲ್‌ನ ಸಹಿ ಹಾಕಿಯೇ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ಡೆವಲಪರ್‌ಗಳ ಪುಟವಾದ ಪ್ಲೇ ಕನ್ಸೋಲ್‌ನ ಪಬ್ಲಿಕ್ ಕೀ (ಸಹಿ ತಾಳೆ ನೋಡುವ ಬಹಿರಂಗ ಕೀಲಿ) ಹಿಡಿದು ತಾಳೆ ನೋಡಬಹುದು. ಆದರೆ ಎಪಿಕೆ (ಆಪ್‌ನ ಕಡತ) ಬಿಚ್ಚಿ, ಪರೀಕ್ಷೆಯ ಫಲಿತಾಂಶ ನೋಡುವ ಒಂದು ಸಾಲನ್ನು ತಿದ್ದಿದವರಿಗೆ ಈ ಬೀಗ ಲೆಕ್ಕಕ್ಕಿಲ್ಲ. ಒಂದೇ ಸಲ ಕೊಳ್ಳುವ ಆಫ್‌ಲೈನ್ ಆಟಕ್ಕೆ ಸಾಕು, ಚಂದಾಗೆ ಸಾಲದು.

ಸ್ವಂತ ಸರ್ವರ್‌ನಲ್ಲಿ ಕೆಲಸ ಹೆಚ್ಚು, ಹಿಡಿತವೂ ಹೆಚ್ಚು. ರಸೀದಿ ಕಳಿಸಿ ಆಪಲ್ ಅನ್ನು ಕೇಳಲು ಹಳೆಯ ಪಾಠಗಳಲ್ಲಿ ಇನ್ನೂ ಸಿಗುವ ವೆರಿಫೈರಿಸೀಟ್ ವಿಳಾಸವನ್ನು ಹೊಸ ಕೋಡ್‌ಗೆ ತರಬೇಡಿ. 2023ರಲ್ಲೇ ಆಪಲ್ ಅದನ್ನು ಬಳಕೆ ತಪ್ಪಿದ ಪಟ್ಟಿಗೆ ಸೇರಿಸಿದೆ. ಅದರ ಜಾಗದಲ್ಲಿರುವುದು ಆಪ್ ಸ್ಟೋರ್ ಸರ್ವರ್ ಎಪಿಐ, ಅಂದರೆ ನಮ್ಮ ಸರ್ವರ್ ಆಪಲ್‌ನ ಸರ್ವರ್ ಜೊತೆ ಮಾತಾಡುವ ದಾರಿ. ನಮ್ಮ ಕೀಯಿಂದ ಸಹಿ ಮಾಡಿದ ಟೋಕನ್ (ಗುರುತಿನ ಚೀಟಿ) ಕೊಟ್ಟು ಕೇಳಬೇಕು, ಆ ಟೋಕನ್‌ನ ಆಯಸ್ಸು ಹೆಚ್ಚೆಂದರೆ 60 ನಿಮಿಷ. ಬರುವ ಉತ್ತರ ಜೆಡಬ್ಲ್ಯೂಎಸ್, ಅಂದರೆ ಸಹಿ ಸಮೇತದ ಮಾಹಿತಿ. ಅದನ್ನು ಬೇಸ್64 ಎಂಬ ಅಕ್ಷರ ರೂಪದಿಂದ ಬಿಡಿಸಿ ಓದಿದ ಮಾತ್ರಕ್ಕೆ ಪರಿಶೀಲನೆ ಆಗುವುದಿಲ್ಲ. ಅದರೊಳಗಿನ ಸರ್ಟಿಫಿಕೇಟ್ ಸರಪಳಿ ಆಪಲ್‌ನ ರೂಟ್‌ವರೆಗೆ ಕೂಡುತ್ತದೆಯೇ, ಬಂಡಲ್ ಐಡಿ (ಆಪ್‌ನ ಗುರುತು) ನಮ್ಮದೇ ತಾನೇ, ವ್ಯವಹಾರ ಪರೀಕ್ಷೆಗೆಂದಿರುವ ಸ್ಯಾಂಡ್‌ಬಾಕ್ಸ್‌ನದೋ ನಿಜದ್ದೋ, ಇಷ್ಟನ್ನೂ ನೋಡಲೇಬೇಕು. ಆಪಲ್‌ನದೇ ಲೈಬ್ರರಿ ಸ್ವಿಫ್ಟ್, ಜಾವಾ, ಪೈಥಾನ್, ನೋಡ್‌ಗಳಿಗೆ ಇದೆ. ಸಹಿಯ ಕೆಲಸವನ್ನು ಅದಕ್ಕೇ ಬಿಡುವುದು ಕ್ಷೇಮ.

ಗೂಗಲ್‌ನ ಕಡೆ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಗಡುವು ಮೂರು ದಿನ. ಅಷ್ಟರೊಳಗೆ ಖರೀದಿಯನ್ನು ಅಕ್‌ನಾಲೆಜ್ ಮಾಡದಿದ್ದರೆ, ಅಂದರೆ ತಲುಪಿತು ಎಂದು ತಿಳಿಸದಿದ್ದರೆ, ಗೂಗಲ್ ತಾನಾಗಿಯೇ ದುಡ್ಡು ಹಿಂದಿರುಗಿಸುತ್ತದೆ. ಇದನ್ನೇ ಪರೀಕ್ಷಿಸಲು ಎಂ.ಜಿ. ರಸ್ತೆ ದಾಟಿ ಮೆಟ್ರೊ ಸುರಂಗಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ ಟೆಸ್ಟ್ ಖಾತೆಯಿಂದ ಖರೀದಿ ಬಟನ್ ಒತ್ತಿದೆ. ಪ್ಲೇ ಕಡೆ ಪಾವತಿ ಆಯಿತು, ಫೋನಿನಿಂದ ನಮ್ಮ ಸರ್ವರ್‌ಗೆ ಖರೀದಿಯ ಟೋಕನ್ (ಗೂಗಲ್ ಕೊಡುವ ಗುರುತು) ಮಾತ್ರ ಹೊರಡಲಿಲ್ಲ. ಸ್ವಂತ ಸರ್ವರ್ ಇಲ್ಲಿ ಗೆದ್ದಿತು. ಪಬ್‌ಸಬ್ ಎಂಬ ಸಂದೇಶ ಸೇವೆಯ ಮೂಲಕ ಗೂಗಲ್‌ನ ಸೂಚನೆ ಬಂತು. ಅದರಲ್ಲಿದ್ದ ಟೋಕನ್ ಹಿಡಿದು ವಿಚಾರಿಸಿದಾಗ, ಖರೀದಿಯ ವೇಳೆ ನಾವು ಸೇರಿಸಿದ್ದ ಗುಪ್ತ ಖಾತೆ ಗುರುತೂ ಸಿಕ್ಕಿತು. ಫೋನ್ ಸುರಂಗದಲ್ಲಿದ್ದಾಗಲೇ ಚಂದಾ ಸರಿಯಾದ ಖಾತೆಗೆ ಸೇರಿ, ಅಕ್‌ನಾಲೆಜ್ ಕೂಡ ಆಯಿತು. ಮಧ್ಯವರ್ತಿಯ ಎಸ್‌ಡಿಕೆ (ಆಪ್‌ಗೆ ಸೇರಿಸುವ ಅವರ ಕೋಡ್) ಇದೇ ಪರೀಕ್ಷೆಯಲ್ಲಿ, ನೆಟ್‌ವರ್ಕ್ ಬಂದು ಆಪ್ ಮತ್ತೆ ತೆರೆದಾಗ ಟೋಕನ್ ಕಳಿಸಿತು. ತಡವಾಯಿತು, ಆದರೆ ಕೈಬಿಡಲಿಲ್ಲ.

ಯುಪಿಐ ಇರುವ ನಮ್ಮ ಊರಲ್ಲಿ ಇನ್ನೆರಡು ಸಂಗತಿಗೆ ತೂಕ ಹೆಚ್ಚು. ಪಾವತಿ 'ಪೆಂಡಿಂಗ್' ಎಂದಿರುವಾಗ ಕಥೆಗಳನ್ನು ತೆರೆದುಕೊಡಬಾರದು. ಮೂರು ದಿನದ ಗಡುವು ಶುರುವಾಗುವುದೂ ಪಾವತಿ ಮುಗಿದ ಮೇಲೆಯೇ. ಎರಡನೆಯದು ಆಟೊಪೇ. ಅಪ್ಪ-ಅಮ್ಮಂದಿರು ಯುಪಿಐ ಆಪ್‌ಗೆ ಹೋಗಿ ಮ್ಯಾಂಡೇಟ್ (ತಾನಾಗಿ ದುಡ್ಡು ಕಡಿತಕ್ಕೆ ಕೊಟ್ಟ ಒಪ್ಪಿಗೆ) ರದ್ದು ಮಾಡಿಬಿಡಬಹುದು. ಆಗ ಮುಂದಿನ ನವೀಕರಣ ವಿಫಲ. ನಮ್ಮ ಆಪ್ ತೆರೆಯದೆ ನಡೆಯುವ ಇಂಥದ್ದನ್ನು ಫೋನಿನಲ್ಲೇ ನಿಂತ ಪರಿಶೀಲನೆ ಆಗಲೇ ತಿಳಿಯುವುದು ಹೇಗೆ? ಸ್ಟೋರ್‌ನಿಂದ ಸರ್ವರ್‌ಗೆ ಬರುವ ಸೂಚನೆಯೇ ಗತಿ. ಆಪಲ್‌ನ ವರ್ಷನ್ 2 ಸೂಚನೆ ತಲುಪದಿದ್ದರೆ 1, 12, 24, 48, 72 ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ಕಳಿಸುತ್ತಾರೆ, ಆದ್ದರಿಂದ ಸರ್ವರ್ ಸ್ವಲ್ಪ ಹೊತ್ತು ಮಲಗಿದರೂ ಮಾಹಿತಿ ಕಳೆಯುವುದಿಲ್ಲ. ಒಂದೇ ಸೂಚನೆ ಎರಡು ಸಲ ಬಂದರೂ ಲೆಕ್ಕ ಕೆಡದಂತೆ ಬರೆಯುವ ಹೊಣೆ ನಮ್ಮದು.

ಮಧ್ಯವರ್ತಿ ಸೇವೆಯ ಹೆಚ್ಚುಗಾರಿಕೆ ಬೇಗ ಕೆಲಸ ಮುಗಿಯುವುದು. ಎರಡೂ ಸ್ಟೋರ್‌ಗಳ ಬೇರೆ ಬೇರೆ ಭಾಷೆಯನ್ನು ನಮ್ಮ ಸರ್ವರ್‌ಗೆ ತಾನಾಗಿ ಬರುವ ಒಂದೇ ವೆಬ್‌ಹುಕ್‌ಗೆ ಇಳಿಸಿ ಕೊಡುತ್ತಾರೆ. ಆದಾಯ ಬೆಳೆದಂತೆ ಅವರ ಪಾಲೂ ಬೆಳೆಯುತ್ತದೆ; ಸ್ಟೋರ್‌ನ ಕಮಿಷನ್ ಅಲ್ಲದೆ ಇದು ಮತ್ತೊಂದು ಕಡಿತ.

ಸರ್ವರ್ ನೋಡಿಕೊಳ್ಳುವವರು ತಂಡದಲ್ಲಿ ಒಬ್ಬರಾದರೂ ಇದ್ದರೆ ಸ್ವಂತದ್ದೇ ಮಾಡಿ ಎನ್ನುತ್ತೇನೆ. ನಾವು ಉಳಿದಿರುವುದು ಅದರಲ್ಲೇ. ಆಪ್ ಇನ್ನೂ ಅಂಗಡಿಗೆ ಬಂದಿಲ್ಲ, ಜನ ಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ ಎನ್ನುವವರು ಮಧ್ಯವರ್ತಿಯಿಂದ ಶುರುಮಾಡಲಿ. ಆದರೆ ಗೂಗಲ್‌ನ ಪರ್ಚೇಸ್ ಟೋಕನ್, ಆಪಲ್‌ನ ಮೂಲ ಟ್ರಾನ್ಸಾಕ್ಷನ್ ಐಡಿ ಎರಡನ್ನೂ ಮೊದಲ ದಿನದಿಂದಲೇ ನಿಮ್ಮ ಡೇಟಾಬೇಸ್‌ನಲ್ಲಿ ಬರೆದಿಡಿ, ಒಂದು ಟೋಕನ್ ಎರಡು ಖಾತೆಗೆ ಅಂಟದಂತೆ ಯುನಿಕ್ ಇಂಡೆಕ್ಸ್ ಹಾಕಿ. ಮುಂದೆ ದಾರಿ ಬದಲಿಸಿದಾಗ ಹಳೆಯ ಚಂದಾದಾರರನ್ನು 'ಮತ್ತೆ ಕೊಳ್ಳಿ' ಎಂದು ಕೇಳುವ ಪ್ರಮೇಯ ಬರುವುದಿಲ್ಲ.