ಫ್ರೆಂಚ್ ಮಕ್ಕಳಿಗೆ ಇಂಗ್ಲಿಷ್ ಪದ: ಕಾರ್ಡಾ, ಕತೇನಾ, ಬಿಟ್ಟ ಸ್ಥಳಾನಾ?

ಫ್ರಾನ್ಸಿನ ಲಿಯೋನ್ ನಗರದಲ್ಲಿ ಲಿಸೇ ಓದುವ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಲಿಸೇ ಅಂದರೆ ನಮ್ಮ ಹತ್ತರಿಂದ ಹನ್ನೆರಡನೇ ಕ್ಲಾಸು ಅಂತಿಟ್ಟುಕೊಳ್ಳಿ. ಲಿಸೇ ಕೊನೆಯ ಬಕಲೋರಿಯಾ ಪರೀಕ್ಷೆ ಹೊತ್ತಿಗೆ ಮೊದಲ ವಿದೇಶಿ ಭಾಷೆಯಲ್ಲಿ ಬಿ2 ಮಟ್ಟ (ಯೂರೋಪಿನ ಭಾಷಾ ಅಳತೆಯ ಆರು ಮೆಟ್ಟಿಲಲ್ಲಿ ನಾಲ್ಕನೆಯದು) ಮುಟ್ಟಿರಬೇಕು.

ಈ ಮಕ್ಕಳಿಗೆ ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಅನ್ನಿಸುವ ಪದದ ಕಾಟವೇ ಜಾಸ್ತಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಬಂದವು. ಎಷ್ಟೋ ಪದಗಳ ಅರ್ಥ ಆಮೇಲೆ ಬೇರೆಯಾಯಿತು. ಫ್ರೆಂಚಿನ 'ಲಿಬ್ರೆರಿ' ಪುಸ್ತಕದ ಅಂಗಡಿ, ಲೈಬ್ರರಿ ಅಲ್ಲ. ಅವರ 'ಎವಾಂತ್ಯುಯೆಲ್‌ಮಾಂ' ಅಂದರೆ 'ಬಹುಶಃ'. ಇಂಗ್ಲಿಷಿನ 'ಇವೆಂಚುಯಲಿ' ಅಂದರೆ 'ಕೊನೆಗೂ'.

ಮೊದಲು ಕ್ವಿಜ್ಲೆಟ್ ಕಾರ್ಡು, ಅಂದರೆ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಇರುವ ಆ್ಯಪ್ ಕಾರ್ಡು. ತರಕಾರಿ, ಬಟ್ಟೆ, ಅಡುಗೆಮನೆ ಸಾಮಾನು, ಇಂಥದ್ದಕ್ಕೆಲ್ಲ ಇದನ್ನು ಮೀರಿಸಿದ್ದಿಲ್ಲ. ನಾಳೆ ಟೆಸ್ಟ್ ಇದ್ದರೆ ಇದೇ ಸರಿ. ಆದರೆ ಕಾರ್ಡಿನಲ್ಲಿ 'ಇವೆಂಚುಯಲಿ'ಗೆ ಸರಿ ಅರ್ಥ ಹೇಳಿದ ಹುಡುಗನೇ ಪಾಠ ಓದುವಾಗ ಮತ್ತೆ 'ಬಹುಶಃ' ಅಂತಾನೆ.

ಹಾಗಾದರೆ ಕತೆ ಓದಿಸಿದರಾಯಿತು ಅಲ್ವಾ? ಕಲಿಯುವವರಿಗೆಂದೇ 400 ಮೂಲಪದಗಳೊಳಗೆ ಬರೆದ ಪುಟ್ಟ ಕತೆಪುಸ್ತಕಗಳು ಸಿಗುತ್ತವೆ. ಮಕ್ಕಳು ಖುಷಿಯಾಗಿ ಓದುತ್ತಾರೆ. ತೊಂದರೆ ಇಷ್ಟೇ: 'ಶಿ ವೆಂಟ್ ಟು ದ ಲೈಬ್ರರಿ' ಅಂತಿದ್ದರೆ ಅಂಗಡಿ ಅಂದುಕೊಂಡರೂ ಕತೆ ನಿಲ್ಲುವುದಿಲ್ಲ. ಸಂದರ್ಭ ಇದೆ, ತಪ್ಪು ಹಿಡಿಯುವವರಿಲ್ಲ.

ಅದಕ್ಕೇ ನನ್ನ ಓಟು ಬಿಟ್ಟ ಸ್ಥಳ ತುಂಬುವ ಪ್ಯಾರಾಗೆ. ಆದರೆ ತಪ್ಪು ಅರ್ಥ ಹಾಕಿದರೆ ವಾಕ್ಯವೇ ಮುರಿಯಬೇಕು. 'ಮೂರು ಗಂಟೆ ಮಳೆ ಸುರಿಯಿತು, ಇವೆಂಚುಯಲಿ ನಿಂತಿತು, ನಾವು ನೆನೆಯದೆ ಮನೆಗೆ ಹೋದೆವು.' ಇಂಗ್ಲಿಷಿನಲ್ಲಿ ಹೀಗೆ ಬರೆದು ಆ ಒಂದು ಪದ ಖಾಲಿ ಬಿಡುತ್ತೇನೆ. ಕೆಳಗೆ 'ಪರ್‌ಹ್ಯಾಪ್ಸ್' ಕೂಡ ಕೊಟ್ಟಿರುತ್ತೇನೆ. ಬಹುಶಃ ನಿಂತಿದ್ದರೆ ನೆನೆಯದೆ ಹೋಗಿದ್ದು ಹೇಗೆ? ಮಕ್ಕಳೇ ಜಗಳ ಆಡಿ ಬಗೆಹರಿಸಿಕೊಳ್ಳುತ್ತಾರೆ. ಲೈಬ್ರರಿ ಪದಕ್ಕೆ, ಪುಸ್ತಕ ತಡವಾಗಿ ವಾಪಸ್ ಕೊಟ್ಟು ದಂಡ ಕಟ್ಟಿದ ಕತೆ.

ಇಂಥ ಪ್ಯಾರಾ ಬರೆಯುವುದಕ್ಕೆ ಸಮಯ ಹಿಡಿಯುತ್ತೆ, ಸುಳ್ಳು ಯಾಕೆ. ಲಿಂಗ್ವೀ ಸೈಟಿನಲ್ಲಿ ಎರಡೂ ಭಾಷೆಯ ವಾಕ್ಯಗಳು ಅಕ್ಕಪಕ್ಕ ಸಿಗುತ್ತವೆ. ಆದರೆ ಬಹಳಷ್ಟು ಯೂರೋಪಿಯನ್ ಯೂನಿಯನ್ನಿನ ಕಡತದ ಭಾಷೆ. ನನಗೆ ಉಪಯೋಗ, ಮಕ್ಕಳಿಗೆ ಬೋರು.

'ಪುಟ್ ಅಪ್ ವಿತ್' (ಸಹಿಸಿಕೊಳ್ಳು) ಥರದ ಪದಗುಚ್ಛಕ್ಕೆ ಮಾತ್ರ ನನ್ನ ಪ್ಯಾರಾನೂ ಸಾಲದು. ಅದೇ ಅರ್ಥದ 'ಟಾಲರೇಟ್' ತಮ್ಮ ಭಾಷೆಯಲ್ಲೂ ಇರುವುದರಿಂದ ಮಕ್ಕಳು ಸುಮ್ನೆ ಅದಕ್ಕೇ ಓಡುತ್ತಾರೆ. ಇಲ್ಲಿ ಸೀರಿಯಲ್ಲಿನ ಒಂದು ಜಗಳದ ದೃಶ್ಯ ಜಾಸ್ತಿ ಕೆಲಸಕ್ಕೆ ಬರುತ್ತೆ. ಸಬ್‌ಟೈಟಲ್ ಇಂಗ್ಲಿಷಿನದ್ದೇ ಇರಲಿ. ಫ್ರೆಂಚ್ ಹಾಕಿದರೆ ಕಣ್ಣು ಅದನ್ನೇ ಓದುತ್ತೆ, ಕಿವಿ ಮುಚ್ಚಿಹೋಗುತ್ತೆ.